ಎಸ್ತರ್, ಪ್ರಮೀಳಾ, ಕವಿತಾ: ನಮ್ಮ ದೇಶದ ಯೆಹೂದಿ ಮನೆಗಳಲ್ಲಿ ಹೆಣ್ಣುಮಗುವಿಗೆ ಹೆಸರಿಟ್ಟ ಕಥೆ

ಇದು ಈ ವಾರದ ಮಾತುಕತೆಯ ಬರಹ ರೂಪ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಕಂಪನಿ ಬಸ್ಸಲ್ಲಿ ಕೂತು ಓದೋರಿಗೆ ಅಂತಲೇ ಹಾಕ್ತಿರೋದು. ಮಾತಾಡೋ ಅವಸರದಲ್ಲಿ ಬಿಟ್ಟುಹೋದ ಇಸವಿಗಳನ್ನ, ಊರುಗಳನ್ನ ಇಲ್ಲಿ ಸೇರಿಸಿದ್ದೀನಿ.

ಈ ಸಲದ ವಿಷಯ ಹೆಸರು. ಅದರಲ್ಲೂ ಹೆಣ್ಣುಮಗುವಿನ ಹೆಸರು. ನಾಸಿಕ್, ಛತ್ರಪತಿ ಸಂಭಾಜಿನಗರ, ಪುಣೆ ಕಡೆ ಕೆಲಸಕ್ಕೆ ಹೋಗಿ ನೆಲೆಸಿರೋ ನಮ್ಮವರ ಮನೇಲಿ ಮಗು ಹುಟ್ಟಿದಾಗ ಶುರುವಾಗೋ ಚರ್ಚೆ ನಿಮಗೆ ಗೊತ್ತೇ ಇದೆ. ಊರಿಂದ ಅಜ್ಜಿ ಫೋನ್ ಮಾಡಿ ಮನೆದೇವರ ಹೆಸರು ಇಡಿ ಅಂತಾರೆ. ಅಪ್ಪನಿಗೆ ಎಲ್ಲಿಗೆ ಹೋದ್ರೂ ನಡೆಯೋ ಹೆಸರು ಬೇಕು. ಅಮ್ಮನಿಗೆ ಕೇಳಿದ ಕೂಡಲೇ ಕನ್ನಡದ್ದು ಅನಿಸೋ ಹೆಸರು ಬೇಕು. ಪಕ್ಕದ ಮನೆಯ ಮರಾಠಿ ಕಾಕೂ ಬೇರೆ ನಾಲ್ಕು ಹೆಸರು ಸೂಚಿಸಿರ್ತಾರೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಫಾರಂ ಬಂದಿರುತ್ತೆ.

ಇದೇ ಪ್ರಶ್ನೆಯನ್ನ ನಮಗಿಂತ ನೂರಾರು ವರ್ಷ ಮೊದಲಿಂದ, ಇದೇ ಮಹಾರಾಷ್ಟ್ರದಲ್ಲಿ, ಒಂದು ಪುಟ್ಟ ಸಮುದಾಯ ಎದುರಿಸ್ತಾ ಬಂದಿದೆ. ಅವರು ಬೆನೆ ಇಸ್ರೇಲರು, ಅಂದ್ರೆ ಮರಾಠಿ ಮಾತಾಡೋ ಯೆಹೂದಿಗಳು. ಮಗಳಿಗೆ ಧರ್ಮಗ್ರಂಥದ ಹೆಸರೋ, ಸುತ್ತಲಿನ ಊರಿಗೆ ಹೊಂದೋ ಹೆಸರೋ? ಈ ಪ್ರಶ್ನೆಯ ಹಿಂದೆ ಒಂದು ದೊಡ್ಡ ಚರಿತ್ರೆ ಇದೆ. ಅದರಲ್ಲಿ ಶ್ರೀರಂಗಪಟ್ಟಣ, ಶಿವಮೊಗ್ಗ ಕೂಡ ಬರುತ್ತವೆ.

ಮೊದಲು ಊರಿನ ಹೆಸರು

ಹೆಸರಿನ ಮಾತನ್ನ ಈ ಎರಡು ಊರಿಂದಲೇ ಶುರು ಮಾಡೋಣ. ಇಂದಿನ ಛತ್ರಪತಿ ಸಂಭಾಜಿನಗರ ಮೊದಲು ಖಡ್ಕಿ ಅನ್ನೋ ಹಳ್ಳಿ. 1610ರಲ್ಲಿ ಮಲಿಕ್ ಅಂಬರ್ ಅಲ್ಲಿ ರಾಜಧಾನಿ ಕಟ್ಟಿದ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಾರಿಯಲ್ಲಿ ಹೊಸ ಹೆಸರು ಪಡೆದ ಮನುಷ್ಯ ಅವನು. ಹುಟ್ಟಿದಾಗ ಅವನ ಹೆಸರು ಚಾಪು. ಅವನ ಮಗ ಫತೇಖಾನ್ ಊರಿಗೆ ಫತೇನಗರ ಅಂತ ಹೆಸರಿಟ್ಟ. 1653ರಲ್ಲಿ ಔರಂಗಜೇಬ ದಖ್ಖನ್ನಿನ ಸುಬೇದಾರನಾಗಿ ಬಂದಾಗ ಅದು ಔರಂಗಾಬಾದ್ ಆಯ್ತು. 2023ರ ಫೆಬ್ರವರಿಯಲ್ಲಿ ಕೇಂದ್ರದ ಒಪ್ಪಿಗೆಯ ಮೇಲೆ ಛತ್ರಪತಿ ಸಂಭಾಜಿನಗರ. ನಾಸಿಕ್ ಕೂಡ ಮೊಗಲರ ಕಾಲದಲ್ಲಿ ಗುಲ್ಶನಾಬಾದ್ ಆಗಿತ್ತು, ಮರಾಠರ ಕಾಲಕ್ಕೆ ಮತ್ತೆ ನಾಸಿಕ್ ಆಯ್ತು.

ಊರಿನ ಹೆಸರು ಬದಲಾಗೋದು ಅಧಿಕಾರದವರ ಕೈಯಲ್ಲಿದೆ. ಮಗುವಿನ ಹೆಸರು ಮನೆಯವರ ಕೈಯಲ್ಲಿದೆ. ಆದ್ರೆ ಮನೆಯವರೂ ಸುತ್ತಲಿನ ಅಧಿಕಾರವನ್ನ, ನೆರೆಹೊರೆಯನ್ನ ನೋಡ್ಕೊಂಡೇ ಇಡ್ತಾರೆ. ಬೆನೆ ಇಸ್ರೇಲರ ಕಥೇಲಿ ಇದು ಚೆನ್ನಾಗಿ ಕಾಣುತ್ತೆ.

ಸಮಾಜಿ ಹಸಾಜಿ ದಿವೇಕರ್ ಯಾರು?

ಬೆನೆ ಇಸ್ರೇಲ್ ಅಂದ್ರೆ ಹೀಬ್ರೂ ಭಾಷೇಲಿ ಇಸ್ರೇಲನ ಮಕ್ಕಳು. ಇವರ ನೆಲೆ ಕೊಂಕಣ, ಈಗಿನ ರಾಯಗಡ ಜಿಲ್ಲೆಯ ಅಲಿಬಾಗ್, ಪೆಣ್, ರೇವದಂಡಾ ಕಡೆ. ಬಹಳ ಹಿಂದೆ ನವಗಾಂವ್ ಹತ್ತಿರ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ದಡ ಸೇರಿದರು, ಅವರ ಸಂತತಿ ನಾವು ಅನ್ನೋದು ಅವರ ನಂಬಿಕೆ. ಗಾಣದ ಎಣ್ಣೆ ತೆಗೆಯೋದು ಕಸುಬು. ಶನಿವಾರ ಗಾಣ ಕಟ್ತಿರಲಿಲ್ಲ, ಯಾಕಂದ್ರೆ ಅದು ಅವರ ಸಬ್ಬತ್ ದಿನ. ಅದಕ್ಕೇ ಊರವರು ಅವರನ್ನ ಕರೀತಿದ್ದದ್ದು ‘ಶನಿವಾರ ತೇಲಿ’. ತೇಲಿ ಅಂದ್ರೆ ಗಾಣಿಗ. ತಾವಿಟ್ಟುಕೊಂಡ ಹೆಸರು ಒಂದು, ಊರು ಇಟ್ಟ ಹೆಸರು ಇನ್ನೊಂದು.

ಅಡ್ಡಹೆಸರುಗಳನ್ನ ನೋಡಿ: ಕಿಹಿಮ್ ಊರಿನವರು ಕೆಹಿಮ್ಕರ್, ಪೆಣ್‌ನವರು ಪೆಣ್‌ಕರ್, ಚೌಲ್‌ನವರು ಚೇವುಲ್ಕರ್, ನವಗಾಂವ್‌ನವರು ನವಗಾಂವ್ಕರ್. ಹಳೇ ಹಿಂದಿ ಸಿನಿಮಾಗಳ ಡೇವಿಡ್ ನೆನಪಿದೆಯಲ್ಲ, ‘ಬೂಟ್ ಪಾಲಿಶ್’ನ ಜಾನ್ ಚಾಚಾ? ಅವರ ಪೂರ್ತಿ ಹೆಸರು ಡೇವಿಡ್ ಅಬ್ರಹಾಂ ಚೇವುಲ್ಕರ್. ನಮ್ಮ ಬೆಳಗಾವಿ, ಕಾರವಾರ ಕಡೆಯವರಿಗೆ ಈ ‘ಕರ್’ ಹೊಸದೇನಲ್ಲ.

ಗಂಡಸರ ಹೆಸರುಗಳೂ ಮರಾಠಿಯ ಉಡುಗೆ ತೊಟ್ಟವು. ಸಾಮ್ಯುಯೆಲ್ ಸಮಾಜಿ ಆದ. ಎಜೆಕಿಯೆಲ್ ಹಸಾಜಿ ಆದ. ಕೇಳೋರಿಗೆ ಯಾರೋ ಪೇಶ್ವೆ ಸೈನ್ಯದ ಸರದಾರನ ಹೆಸರಿನ ಹಾಗಿದೆ. ಒಳಗೆ ನೋಡಿದ್ರೆ ಬೈಬಲಿನ ಪ್ರವಾದಿ.

ಈ ಸಮಾಜಿ ಹಸಾಜಿ ದಿವೇಕರ್ ನಮಗೆ ಮುಖ್ಯ. ಈಸ್ಟ್ ಇಂಡಿಯಾ ಕಂಪನಿಯ ಮುಂಬೈ ಸೈನ್ಯದಲ್ಲಿದ್ದ ಅವನು ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕ. ಸಮುದಾಯದಲ್ಲಿ ಹೇಳ್ಕೊಂಡು ಬಂದಿರೋ ಕಥೆ ಹೀಗೆ: ನೀನು ಯಾವ ಜನ ಅಂತ ಕೇಳಿದಾಗ ಅವನು ‘ಬೆನೆ ಇಸ್ರೇಲ್’ ಅಂದ. ಈ ಹೆಸರು ಕುರಾನಿನಲ್ಲಿ ಬರುತ್ತಲ್ಲ, ಇವನನ್ನ ಕೊಲ್ಲಬೇಡ ಅಂತ ಟಿಪ್ಪುವಿನ ತಾಯಿ ಮಗನಿಗೆ ಹೇಳಿದಳು. ಕಥೆ ಎಷ್ಟು ನಿಜವೋ, ಯುದ್ಧ ಮುಗಿದ ಮೇಲೆ ಬಿಡುಗಡೆಯಾಗಿ ಅವನು ಮುಂಬೈಗೆ ವಾಪಸ್ ಬಂದದ್ದು ನಿಜ. 1796ರಲ್ಲಿ ಅಲ್ಲಿನ ಮೊದಲ ಸಿನಗಾಗ್ ಕಟ್ಟಿಸಿದ. ಅದರ ಹೆಸರು ಶಾರ್ ಹರಹಮೀಮ್, ಅಂದ್ರೆ ಕರುಣೆಯ ಬಾಗಿಲು. ಅದು ಇರೋ ಬೀದಿಗೆ ಅವನದೇ ಹೆಸರು. ಆದ್ರೆ ಗಮನಿಸಿ: ಬೀದಿ ‘ಸಾಮ್ಯುಯೆಲ್ ಸ್ಟ್ರೀಟ್’, ಸಮಾಜಿ ಗಲ್ಲಿ ಅಲ್ಲ.

ಯಾಕೆ? ಕೊಚ್ಚಿಯ ಯೆಹೂದಿ ಗುರುಗಳು ಕೊಂಕಣಕ್ಕೆ ಬಂದು ಪ್ರಾರ್ಥನೆ ಕಲಿಸಿದರು. 19ನೇ ಶತಮಾನದಲ್ಲಿ ಮುಂಬೈನ ಮಿಷನ್ ಶಾಲೆಗಳು ಹೀಬ್ರೂ, ಇಂಗ್ಲಿಷ್ ಎರಡನ್ನೂ ಕಲಿಸಿದವು. ಸ್ಕಾಟ್ಲೆಂಡಿನ ಮಿಷನರಿ ಜಾನ್ ವಿಲ್ಸನ್ 1832ರಲ್ಲೇ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಅಚ್ಚು ಹಾಕಿಸಿದ್ದ. ಹಾಗೆ ಓದಿದ ಪೀಳಿಗೆ ಸಮಾಜಿಯನ್ನ ಮತ್ತೆ ಸಾಮ್ಯುಯೆಲ್ ಮಾಡಿತು. ಇಂದು ‘ಅಪ್ಪಟ ಯೆಹೂದಿ ಹೆಸರು’ ಅಂತ ಕೇಳಿಸೋದು ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ಶಾಲೆಯಿಂದ ಬಂದ ರೂಪ. ‘ಹೊರಗಿನದು’ ಅನಿಸೋ ಮರಾಠಿ ರೂಪವೇ ಮುತ್ತಜ್ಜ ಬಳಸ್ತಿದ್ದದ್ದು.

ಹೆಣ್ಣುಮಗುವಿನ ವಿಷಯ ಯಾಕೆ ಬೇರೆ?

ಯೆಹೂದಿ ಸಂಪ್ರದಾಯದಲ್ಲಿ ಗಂಡುಮಗುವಿಗೆ ಎಂಟನೇ ದಿನ ಸುನ್ನತಿ. ಹೆಸರಿಡೋದೂ ಅವತ್ತೇ. ಆ ಹೀಬ್ರೂ ಹೆಸರಿಗೆ ಮುಂದೆ ಕೆಲಸ ಇದೆ. ಸಿನಗಾಗ್‌ನಲ್ಲಿ ತೋರಾ ಓದೋಕೆ ಕರೆಯೋವಾಗ ‘ಇಂಥವನ ಮಗ ಇಂಥವನು’ ಅಂತ ಆ ಹೆಸರಲ್ಲೇ ಕರೀತಾರೆ. ಹಾಗಾಗಿ ಹುಡುಗನಿಗೆ ಹೀಬ್ರೂ ಹೆಸರು ಇಲ್ಲದೇ ನಡೆಯಲ್ಲ.

ಹುಡುಗಿಗೆ? ಹಳೇ ಸಂಪ್ರದಾಯದ ಸಿನಗಾಗ್‌ಗಳಲ್ಲಿ ಹೆಂಗಸರನ್ನ ತೋರಾ ಓದೋಕೆ ಕರೆಯಲ್ಲ. ಹೀಬ್ರೂ ಹೆಸರು ಬೇಕಾಗೋದು ಮುಖ್ಯವಾಗಿ ಮದುವೆಯ ಕರಾರುಪತ್ರದಲ್ಲಿ, ಅಂದ್ರೆ ಕೇತುಬಾದಲ್ಲಿ. ಹೆಣ್ಣುಮಗುವಿಗೆ ಹೆಸರಿಡೋ ಶಾಸ್ತ್ರವೂ ದೇಶದಿಂದ ದೇಶಕ್ಕೆ ಬೇರೆ ಬೇರೆ. ಬೆನೆ ಇಸ್ರೇಲರಲ್ಲಿ ತೊಟ್ಟಿಲ ಶಾಸ್ತ್ರ ಬಂತು. ನಮ್ಮ ಉತ್ತರ ಕರ್ನಾಟಕದಲ್ಲಿ, ಮರಾಠಿ ಮನೆಗಳಲ್ಲಿ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ‘ಕುರ್ರ್’ ಅಂತ ಕಿವೀಲಿ ಹೆಸರು ಹೇಳೋದು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದೋದು ನೋಡಿದ್ದೀರಲ್ಲ? ಅದೇ ನೆಲದ ಪದ್ಧತಿಗಳ ನೆರೆಯಲ್ಲಿ ಬೆಳೆದ ಶಾಸ್ತ್ರ ಅದು.

ಅಂದ್ರೆ ಸಿನಗಾಗ್ ಹೆಣ್ಣುಮಗುವಿನ ಹೆಸರಿನ ಬಗ್ಗೆ ಅಷ್ಟು ಬಿಗಿ ಹಿಡೀಲಿಲ್ಲ. ಅವಳನ್ನ ಗಣನೆಗೆ ತಗೊಳ್ಳದೇ ಇದ್ದದ್ದರಿಂದಲೇ ಬಂದ ಸ್ವಾತಂತ್ರ್ಯ ಇದು. ಮನೆಯವರಿಗೆ ಊರಿನ ಗಾಳಿ ಒಳಗೆ ಬಿಟ್ಟುಕೊಳ್ಳೋಕೆ ಜಾಗ ಸಿಕ್ಕಿದ್ದು ಹೆಣ್ಣುಮಕ್ಕಳ ಹೆಸರಲ್ಲಿ.

ಒಂದು ಉದಾಹರಣೆ ಸಾಕು. ಭಾರತೀಯ ಇಂಗ್ಲಿಷ್ ಕಾವ್ಯದ ದೊಡ್ಡ ಹೆಸರು ನಿಸ್ಸಿಮ್ ಎಜೆಕಿಯೆಲ್, 1924ರಲ್ಲಿ ಮುಂಬೈನ ಬೆನೆ ಇಸ್ರೇಲ್ ಮನೇಲಿ ಹುಟ್ಟಿದವರು. ನಿಸ್ಸಿಮ್ ಅಂದ್ರೆ ಹೀಬ್ರೂವಿನಲ್ಲಿ ಪವಾಡಗಳು. ಅವರು ಮಗನಿಗೆ ಬೈಬಲಿನ ಹೆಸರಿಟ್ಟರು. ಮಗಳಿಗೆ? ಕವಿತಾ. ಆಕೆಯೂ ಮುಂದೆ ಕವಿಯಾದರು, ಕವಿತಾ ಎಜೆಕಿಯೆಲ್ ಮೆಂಡೋನ್ಸಾ ಅಂತ. ಒಂದು ಹೆಸರಲ್ಲಿ ಸಂಸ್ಕೃತ, ಹೀಬ್ರೂ, ಗೋವಾ ಕಡೆಯ ಕ್ರೈಸ್ತ ಮನೆತನದ ಅಡ್ಡಹೆಸರು ಮೂರೂ ಇವೆ.

ಹದಸ್ಸಾ, ಎಸ್ತರ್, ಪ್ರಮೀಳಾ

ಹೆಣ್ಣುಮಗಳಿಗೆ ಎರಡು ಹೆಸರು ಅನ್ನೋದು ಯೆಹೂದಿ ಧರ್ಮಗ್ರಂಥದಲ್ಲೇ ಇದೆ. ಎಸ್ತರ್ ರಾಣಿಯ ಕಥೆ ಕೇಳಿರಬಹುದು. ಪರ್ಷಿಯಾದ ಅರಮನೆ ಸೇರಿದ ಯೆಹೂದಿ ಅನಾಥ ಹುಡುಗಿ. ಅವಳ ಹೀಬ್ರೂ ಹೆಸರು ಹದಸ್ಸಾ, ಅದೊಂದು ಪರಿಮಳದ ಗಿಡ. ಎಸ್ತರ್ ಅನ್ನೋದು ಪರದೇಶದಲ್ಲಿ ಬಂದ ಹೆಸರು. ಪರ್ಷಿಯನ್ನಿನ ನಕ್ಷತ್ರ ಅನ್ನೋ ಪದಕ್ಕೆ, ಬ್ಯಾಬಿಲೋನಿನ ಇಶ್ತಾರ್ ದೇವಿಗೆ ಅದನ್ನ ಹೋಲಿಸೋರಿದ್ದಾರೆ. ತಾನು ಯಾವ ಜನದವಳು ಅಂತ ಮೊದಲು ಅವಳು ಯಾರಿಗೂ ಹೇಳಲ್ಲ. ತನ್ನವರ ಪ್ರಾಣಕ್ಕೆ ಕುತ್ತು ಬಂದಾಗ ಹೇಳ್ತಾಳೆ. ಆಗ ಜನ ಉಳೀತಾರೆ. ತಮಾಷೆ ಏನಂದ್ರೆ, ಆ ‘ಹೊರಗಿನ’ ಹೆಸರೇ ಇವತ್ತು ಜಗತ್ತಿನಾದ್ಯಂತ ಯೆಹೂದಿ ಹೆಸರು ಅಂತ ನಿಂತಿದೆ.

ಈಗ ನಾಸಿಕ್‌ಗೆ ಬನ್ನಿ. ದಾದಾಸಾಹೇಬ್ ಫಾಳ್ಕೆ ಹುಟ್ಟಿದ್ದು ನಾಸಿಕ್ ಹತ್ತಿರದ ತ್ರ್ಯಂಬಕೇಶ್ವರದಲ್ಲಿ, ತೀರಿಕೊಂಡದ್ದು ನಾಸಿಕ್‌ನಲ್ಲಿ, 1944ರಲ್ಲಿ. 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಅವರಿಗೆ ನಟಿಯರೇ ಸಿಗಲಿಲ್ಲ, ತಾರಾಮತಿ ಪಾತ್ರವನ್ನ ಅಣ್ಣಾ ಸಾಳುಂಕೆ ಅನ್ನೋ ಗಂಡಸೇ ಮಾಡಿದರು. ಅದೇ ವರ್ಷದ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್, ಅವರ ಮಗಳು ಕಮಲಾಬಾಯಿ ನಟಿಸಿದರೂ, ‘ಮರ್ಯಾದಸ್ಥ’ ಮನೆಯ ಹೆಂಗಸರು ಸಿನಿಮಾಕ್ಕೆ ಬರೋದು ಇನ್ನೂ ಬಹಳ ವರ್ಷ ಅಪರೂಪವಾಗೇ ಇತ್ತು. ಆ ಜಾಗಕ್ಕೆ ಬಂದವರಲ್ಲಿ ಆಂಗ್ಲೋ ಇಂಡಿಯನ್ ಮತ್ತು ಯೆಹೂದಿ ಹುಡುಗಿಯರು ಹೆಚ್ಚು.

ಪುಣೆಯಲ್ಲಿ ಹುಟ್ಟಿದ ರೂಬಿ ಮೈಯರ್ಸ್ ಟೆಲಿಫೋನ್ ಆಪರೇಟರ್ ಆಗಿದ್ದವರು. ಪರದೆ ಮೇಲೆ ಅವರು ಸುಲೋಚನಾ ಆದರು, ಮೂಕಿ ಚಿತ್ರಗಳ ಕಾಲದ ಅತಿ ದೊಡ್ಡ ತಾರೆ. ಮಾತಿನ ಚಿತ್ರ ಬಂದಾಗ ಹೆಸರು ಸಾಕಾಗಲಿಲ್ಲ. ಹಿಂದುಸ್ತಾನಿ ಕಲಿಯೋಕೆ ಸ್ವಲ್ಪ ಕಾಲ ಕೆಲಸ ಬಿಟ್ಟು, ಕಲಿತು, ಮತ್ತೆ ಬಂದರು. 1973ರಲ್ಲಿ ಅವರಿಗೆ ಸಿಕ್ಕ ಪ್ರಶಸ್ತಿಯ ಹೆಸರು ದಾದಾಸಾಹೇಬ್ ಫಾಳ್ಕೆ ಪ್ರಶಸ್ತಿ. ಹೆಣ್ಣು ಪಾತ್ರಕ್ಕೆ ಗಂಡಸನ್ನ ಹುಡುಕಬೇಕಾಗಿ ಬಂದ ಮನುಷ್ಯನ ಹೆಸರಿನ ಪ್ರಶಸ್ತಿ, ಹೆಸರು ಬದಲಿಸಿಕೊಂಡು ಆ ಪಾತ್ರಗಳಿಗೆ ಬಂದ ಹೆಣ್ಣುಮಗಳಿಗೆ.

ಕೋಲ್ಕತ್ತಾದ ಎಸ್ತರ್ ವಿಕ್ಟೋರಿಯಾ ಅಬ್ರಹಾಂ ಪ್ರಮೀಳಾ ಆದರು. 1947ರಲ್ಲಿ ಮೊದಲ ಮಿಸ್ ಇಂಡಿಯಾ ಅಂತ ದಾಖಲಾದದ್ದು ಇವರೇ. ಹದಸ್ಸಾಳನ್ನ ಪರ್ಷಿಯಾ ಎಸ್ತರ್ ಮಾಡಿತು, ಎಸ್ತರ್‌ಳನ್ನ ಬಾಂಬೆ ಪ್ರಮೀಳಾ ಮಾಡಿತು. ಇವರಿಬ್ಬರೂ ಬೆನೆ ಇಸ್ರೇಲರಲ್ಲ, ಬಾಗ್ದಾದ್ ಮೂಲದ ಯೆಹೂದಿ ಮನೆಗಳವರು. ಆದ್ರೆ ಹೆಣ್ಣಿನ ಹೆಸರನ್ನ ಮಾರುಕಟ್ಟೆಗೆ ತಕ್ಕ ಹಾಗೆ ಬದಲಿಸೋ ಒತ್ತಡ ಹೇಗಿರುತ್ತೆ ಅನ್ನೋದು ಇವರಲ್ಲಿ ಕಾಣುತ್ತೆ.

ಹೆಸರು ಬದಲಿಸದವರು

ಇನ್ನೊಂದು ದಾರಿಯೂ ಇತ್ತು. ಜೆರೂಷಾ ಝಿರಾಡ್ ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ, 1891ರಲ್ಲಿ. ಝಿರಾಡ್ ಅನ್ನೋದು ಅಲಿಬಾಗ್ ಹತ್ತಿರದ ಹಳ್ಳಿ. ಜೆರೂಷಾ ಅನ್ನೋದು ಬೈಬಲಿನ ಒಬ್ಬ ರಾಜಮಾತೆಯ ಹೆಸರು, ಯೆಹೂದಿಗಳಲ್ಲೂ ಅಪರೂಪದ್ದು. ಪುಣೆಯಲ್ಲಿ ಶಾಲೆ, ಮುಂಬೈನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯಕೀಯ, ಆಮೇಲೆ ಲಂಡನ್. 1919ರಲ್ಲಿ ಅಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ಶಾಸ್ತ್ರದಲ್ಲಿ ಎಂ.ಡಿ. ಪಡೆದರು. 1928ರಿಂದ 1947ರವರೆಗೆ ಮುಂಬೈನ ಕಾಮಾ ಆಸ್ಪತ್ರೆಯ ಮುಖ್ಯಸ್ಥೆ. 1966ರಲ್ಲಿ ಪದ್ಮಶ್ರೀ. ಎಷ್ಟು ಜಾತಿ, ಎಷ್ಟು ಧರ್ಮದ ತಾಯಂದಿರು ಆ ಆಸ್ಪತ್ರೆಯಲ್ಲಿ ಹೆತ್ತಿರಬೇಕು! ಯಾರಿಗೂ ಡಾಕ್ಟರಮ್ಮನ ಹೆಸರು ತೊಡಕಾಗಲಿಲ್ಲ.

ರೆಬೆಕಾ ರೂಬೆನ್ ಕೂಡ ಹಾಗೇ. 1905ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮುಂದೆ ಮುಂಬೈನ ಯೆಹೂದಿ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ದಶಕಗಳ ಕೆಲಸ.

ಸಿನಿಮಾ ತೆರೆಯ ಮೇಲೆ ಜನ ತಮ್ಮ ಮನೆಯ ಕಥೆ ನೋಡ್ಬೇಕಿತ್ತು, ಅಲ್ಲಿ ಹೆಸರು ಬದಲಾಯ್ತು. ಆಸ್ಪತ್ರೆ, ಶಾಲೆಯಲ್ಲಿ ಕೆಲಸ ಮಾತಾಡಿತು, ಹೆಸರು ಉಳೀತು. ನಮ್ಮ ಮಗಳ ಹೆಸರು ‘ಎಲ್ಲೂ ನಡೆಯುತ್ತಾ’ ಅಂತ ಕೇಳ್ತೀವಲ್ಲ, ಅದಕ್ಕೆ ಉತ್ತರ ಹೆಸರಿನ ಒಳಗೆ ಮಾತ್ರ ಇಲ್ಲ. ಅವಳು ಎಲ್ಲಿಗೆ ಹೋಗ್ತಾಳೆ, ಆ ಜಾಗ ಅವಳಿಂದ ಏನು ಕೇಳುತ್ತೆ ಅನ್ನೋದರಲ್ಲೂ ಇದೆ.

ಪುರಾವೆ ಕೇಳಿದಾಗ

1948ರ ನಂತರ ಬೆನೆ ಇಸ್ರೇಲರಲ್ಲಿ ಹೆಚ್ಚಿನವರು ನಿಧಾನವಾಗಿ ಇಸ್ರೇಲಿಗೆ ಹೋದರು. ಅಲ್ಲಿ ಒಂದು ಆಘಾತ ಕಾದಿತ್ತು. 1960ರ ದಶಕದ ಆರಂಭದಲ್ಲಿ ಮುಖ್ಯ ರಬ್ಬಿ ಇತ್ಸಾಕ್ ನಿಸ್ಸಿಮ್ ಅವರ ಕಚೇರಿ ಒಂದು ಸೂಚನೆ ಹೊರಡಿಸಿತು. ಬೆನೆ ಇಸ್ರೇಲರು ಬೇರೆ ಯೆಹೂದಿಗಳನ್ನ ಮದುವೆಯಾಗಬೇಕಿದ್ರೆ ಅವರ ವಂಶವನ್ನ, ತಾಯಿ, ಅಜ್ಜಿ ಅಂತ ಸಾಧ್ಯವಾದಷ್ಟು ಹಿಂದಕ್ಕೆ ಹೋಗಿ ವಿಚಾರಿಸಬೇಕು ಅಂತ. ಯೆಹೂದಿ ಕಾನೂನಿನಲ್ಲಿ ಮಗು ಯೆಹೂದಿಯೋ ಅಲ್ಲವೋ ಅನ್ನೋದು ತಾಯಿಯಿಂದ ನಿರ್ಧಾರ ಆಗುತ್ತೆ.

ಇಲ್ಲಿರೋ ವಿಪರ್ಯಾಸ ನೋಡಿ. ಯಾರ ಹೆಸರಿಗೆ ಸಿನಗಾಗ್ ಅಷ್ಟು ಲೆಕ್ಕ ಇಡಲಿಲ್ಲವೋ, ಆ ಅಜ್ಜಿ ಮುತ್ತಜ್ಜಿಯರ ಲೆಕ್ಕವನ್ನೇ ಈಗ ಕೇಳಿದರು! ಹೆಸರು ಅಪ್ಪನ ಕಡೆಯಿಂದ ಹರೀತು, ವಂಶ ಅಮ್ಮನ ಕಡೆಯಿಂದ.

ಬೆನೆ ಇಸ್ರೇಲರು ಸುಮ್ಮನಿರಲಿಲ್ಲ. ಇಸ್ರೇಲಿನಲ್ಲಿ ದೊಡ್ಡ ಪ್ರತಿಭಟನೆ ನಡೀತು. 1964ರ ಆಗಸ್ಟ್‌ನಲ್ಲಿ ಅಲ್ಲಿನ ಸಂಸತ್ತು ಇವರು ಎಲ್ಲ ರೀತಿಯಲ್ಲೂ ಪೂರ್ಣ ಯೆಹೂದಿಗಳು ಅಂತ ನಿರ್ಣಯ ಮಾಡಿತು, ರಬ್ಬಿಗಳ ಕಚೇರಿ ಆ ಸೂಚನೆಯಿಂದ ಹಿಂದೆ ಸರೀತು. ಇವರ ಪರವಾಗಿ ನಿಂತದ್ದು ಶನಿವಾರ ಗಾಣ ನಿಲ್ಲಿಸಿದ ನೆನಪು, ಎಂಟನೇ ದಿನದ ಸುನ್ನತಿ, ಹಬ್ಬಗಳು, ಮನೆಯೊಳಗೆ ಉಳಿದುಬಂದ ಆಚರಣೆ. ಆ ಮನೆಯೊಳಗಿನ ಆಚರಣೆಯನ್ನ ಅಡುಗೆಮನೆಯಿಂದ ಕಾದು ತಂದವರು ಹೆಂಗಸರು, ಅವರ ಹೆಸರು ಏನೇ ಇರಲಿ. ಹರಕೆ ತೀರಿಸೋಕೆ, ಶುಭ ಕಾರ್ಯಕ್ಕೆ ಅವಲಕ್ಕಿ, ತೆಂಗಿನಕಾಯಿ, ಸಕ್ಕರೆ, ಹಣ್ಣು ಕಲಸಿ ‘ಮಲೀದಾ’ ಮಾಡಿ ಪ್ರವಾದಿ ಎಲಿಯಾಹುವನ್ನ ನೆನೆಯೋದು ಇವತ್ತಿಗೂ ಇದೆ. ಬೇರೆ ದೇಶದ ಯೆಹೂದಿಗಳಲ್ಲಿ ಇದಿಲ್ಲ.

ಇವತ್ತಿನ ಫಾರಂ

2011ರ ಜನಗಣತಿ ಪ್ರಕಾರ ಮಹಾರಾಷ್ಟ್ರದಲ್ಲಿ ಯೆಹೂದಿಗಳು ಸುಮಾರು 2,500. 2016ರಲ್ಲಿ ರಾಜ್ಯ ಸರ್ಕಾರ ಅವರಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು. ಇಂದು ಮಗಳಿಗೆ ಹೆಸರು ಹುಡುಕೋ ಬೆನೆ ಇಸ್ರೇಲ್ ದಂಪತಿಗೆ ಎರಡೂ ಕಡೆ ನಡೆಯೋ ಹೆಸರುಗಳೂ ಇವೆ. ರಿನಾ ಅಂದ್ರೆ ಹೀಬ್ರೂವಿನಲ್ಲಿ ಆನಂದದ ಹಾಡು, ಇಲ್ಲಿ ರೀನಾ. ಮಿರಾ ಅಲ್ಲಿ ಮಿರಿಯಮ್‌ನ ಚಿಕ್ಕ ರೂಪ, ಇಲ್ಲಿ ಮೀರಾ. ಶಿರಾ ಅಂದ್ರೆ ಹಾಡು, ಇಸ್ರೇಲಿನಲ್ಲಿ ಬಹಳ ಜನಪ್ರಿಯ. ಆದ್ರೆ ಮಹಾರಾಷ್ಟ್ರದಲ್ಲಿ ಮಗಳನ್ನ ಶಿರಾ ಅಂತ ಕರೆದ್ರೆ ಎಲ್ಲರಿಗೂ ನೆನಪಾಗೋದು ತುಪ್ಪದ ಕೇಸರಿಬಾತು, ನಮಗೆ ತುಮಕೂರು ಜಿಲ್ಲೆಯ ತಾಲ್ಲೂಕು!

ನಮ್ಮವರಿಗೂ ಉಪಯೋಗ ಆಗೋ ಒಂದೆರಡು ವಿಷಯ ಇಲ್ಲೇ ಹೇಳಿಬಿಡ್ತೀನಿ. ಜನನವನ್ನ 21 ದಿನದೊಳಗೆ ನೋಂದಾಯಿಸಬೇಕು, ಆದ್ರೆ ಅಷ್ಟರೊಳಗೆ ಹೆಸರು ನಿಕ್ಕಿ ಆಗಲೇಬೇಕು ಅಂತಿಲ್ಲ. ಹೆಸರನ್ನ 12 ತಿಂಗಳವರೆಗೆ ಶುಲ್ಕವಿಲ್ಲದೆ ಸೇರಿಸಬಹುದು. ಹಾಗಾಗಿ ಆಸ್ಪತ್ರೆಯ ಬಾಗಿಲಲ್ಲಿ ಜಗಳ ಆಡೋ ಅಗತ್ಯ ಇಲ್ಲ. ಆದ್ರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಯೋಚಿಸಿ ಬರೆಸಿ.

ಇನ್ನೊಂದು: ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಹೆಸರು ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಅನ್ನೋ ಕ್ರಮದಲ್ಲಿರಬೇಕು ಅಂತ ರಾಜ್ಯ ಸಂಪುಟ ತೀರ್ಮಾನಿಸಿದೆ. ಇನಿಷಿಯಲ್ ಹಾಕಿ ಅಭ್ಯಾಸ ಇರೋ ಹಳೇ ಮೈಸೂರು ಕಡೆಯವರಿಗೆ ಅಡ್ಡಹೆಸರಿನ ಖಾನೆ ಸ್ವಲ್ಪ ಪೀಕಲಾಟವೇ. ಆದ್ರೆ ತಾಯಿಯ ಹೆಸರು ಬಂದದ್ದು ಸಣ್ಣ ವಿಷಯ ಅಲ್ಲ. ಅಜ್ಜಿಯರ ಲೆಕ್ಕ ಕೊಡಿ ಅಂದಾಗ ಬೆನೆ ಇಸ್ರೇಲರು ಎಷ್ಟು ಪಾಡುಪಟ್ಟರು ಅನ್ನೋದು ಈಗಷ್ಟೇ ಓದಿದ್ರಲ್ಲ.

ಕೊನೆಗೆ ನನಗನಿಸೋದು ಇಷ್ಟು. ಧರ್ಮದ ಹೆಸರೋ ಊರಿನ ಹೆಸರೋ ಅನ್ನೋದನ್ನ ಬೆನೆ ಇಸ್ರೇಲರು ಒಂದೇ ಪ್ರಶ್ನೆ ಅಂತ ನೋಡಲಿಲ್ಲ. ಪ್ರಾರ್ಥನೆಗೆ ಒಂದು, ಪೇಟೆಗೆ ಒಂದು, ಮನೆಗೆ ಒಂದು ಅಂತ ಹಂಚಿಕೊಂಡರು. ನಮ್ಮ ನಾಮಕರಣದಲ್ಲೂ ಅಕ್ಕಿ ಮೇಲೆ ನಕ್ಷತ್ರನಾಮ, ಮಾಸನಾಮ, ವ್ಯವಹಾರನಾಮ ಅಂತ ಮೂರ್ನಾಲ್ಕು ಬರೀತೀವಿ, ಆಮೇಲೆ ಪುಟ್ಟಿ ಅಂತ ಕರೀತೀವಿ! ಹೆಸರು ಇಡೋದು ಒಂದು ದಿನದ ಕೆಲಸ. ಅದರ ಹಿಂದಿನ ಮಾತು, ಅಡುಗೆ, ಹಾಡು, ಅಜ್ಜಿಯ ಊರು ಇವನ್ನ ಮಗಳಿಗೆ ದಾಟಿಸೋದು ಇಪ್ಪತ್ತು ವರ್ಷದ ಕೆಲಸ. ಇಸ್ರೇಲಿಗೆ ಹೋದ ಬೆನೆ ಇಸ್ರೇಲರು ಅಲ್ಲೂ ‘ಮಾಯಬೋಲಿ’ ಅಂತ ಮರಾಠಿ ಪತ್ರಿಕೆ ತಂದರು. ಕೊಂಕಣದಲ್ಲಿ ಯೆಹೂದಿ ಆಚರಣೆ ಉಳಿಸಿಕೊಂಡವರು ಇಸ್ರೇಲಿನಲ್ಲಿ ಮರಾಠಿ ಉಳಿಸಿಕೊಂಡರು.

ನಿಮ್ಮ ಮನೇಲಿ ಮಗಳಿಗೆ ಯಾವ ಹೆಸರಿಟ್ರಿ, ಆ ಹೆಸರಿಗೆ ಅಲ್ಲಿನವರು ಏನಂದ್ರು, ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.